ಅಚ್ಚುಮೊಳೆ ಕೇಸಿನಲ್ಲಿ ಅವ್ವನ ಬೆಳ್ಳಿ: ನಾಲ್ಕು ತಿಂಗಳ ಕೆಲಸದ ದಿನಚರಿ

ಅವ್ವ ಈಗ ನಮ್ಮ ಜೊತೆ ಬೆಂಗಳೂರಿನಲ್ಲೇ ಇದ್ದಾಳೆ. ಬಾಗಲಕೋಟೆಯಿಂದ ಬರುವಾಗ ಒಂದು ಟ್ರಂಕು, ಅದರೊಳಗೊಂದು ಸ್ಟೀಲ್ ಡಬ್ಬಿ ತಂದಿದ್ದಳು. ಡಬ್ಬಿ ತುಂಬ ಕಾಲುಂಗುರ, ಗೆಜ್ಜೆ, ಹರಳಿನ ಓಲೆ, ಮುತ್ತಿನ ಸರ, ಗಾಜಿನ ಬಳೆ. ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಒಂದು ಓಲೆ ಬೇಕೆಂದರೆ ಇಡೀ ಡಬ್ಬಿಯನ್ನು ಹಾಸಿಗೆ ಮೇಲೆ ಸುರುವಬೇಕು. ಹಾಗಾಗಿ ಅವಳು ಯಾವುದನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಕಣ್ಣಿಗೆ ಕಾಣದ ಒಡವೆ ಮೈಮೇಲೂ ಬರುವುದಿಲ್ಲ, ಅಲ್ವಾ?

2025ರ ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ ಹಬ್ಬ ಇತ್ತು. ಅಷ್ಟರೊಳಗೆ ಹಳೆ ಸಾಮಾನುಗಳಿಂದಲೇ ಒಂದು ಗೋಡೆ ಕಪಾಟು ಮಾಡಿಕೊಡಬೇಕು ಅಂದುಕೊಂಡೆ. ಮೊದಲೇ ಹೇಳಿಬಿಡುತ್ತೇನೆ, ಚಿನ್ನ ಇದರಲ್ಲಿ ಇಲ್ಲ. ಚಿನ್ನ ಬ್ಯಾಂಕಿನ ಲಾಕರಿನಲ್ಲಿದೆ. ಇದು ಬೆಳ್ಳಿಗೆ, ಮುತ್ತಿಗೆ, ದಿನಬಳಕೆಯ ಒಡವೆಗೆ ಮಾತ್ರ.

ಜೂನ್ 15, ಭಾನುವಾರ: ಸಂಡೇ ಬಜಾರ್

ಬೆಳಿಗ್ಗೆ ಆರೂವರೆಗೆ ಚಿಕ್ಕಪೇಟೆ ಕಡೆ ಹೋದೆ. ಬಿವಿಕೆ ಅಯ್ಯಂಗಾರ್ ರಸ್ತೆಯ ಅಕ್ಕಪಕ್ಕ ಭಾನುವಾರ ಹಳೆ ಸಾಮಾನು ಹರಡಿಕೊಂಡು ಕೂರುತ್ತಾರೆ. ಎಂಟರ ಮೇಲೆ ಹೋದರೆ ಒಳ್ಳೆಯವು ಖಾಲಿಯಾಗಿರುತ್ತವೆ.

ನಾನು ಹುಡುಕುತ್ತಿದ್ದದ್ದು ಹಳೆ ಫೋಟೋ ಫ್ರೇಮು. ಸಿಕ್ಕಿದ್ದು ಅಚ್ಚುಮೊಳೆಯ ಕೇಸು. ಅಕ್ಷರ ಜೋಡಿಸುವವರು ಸೀಸದ ಅಕ್ಷರಮೊಳೆಗಳನ್ನು ಬೇರೆ ಬೇರೆ ಹಾಕಿಡುತ್ತಿದ್ದ ಚಪ್ಪಟೆ ಮರದ ತಟ್ಟೆ. ಮುಚ್ಚಿಹೋದ ಒಂದು ಪ್ರೆಸ್ಸಿನಿಂದ ಬಂದದ್ದು ಎಂದರು ಮಾರುವವರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಬಂದ ಮೇಲೆ ಇಂಥವು ಸೌದೆಗೂ ಹೋಗಿವೆ. ಕನ್ನಡಕ್ಕೆ ಗುಣಿತ, ಒತ್ತಕ್ಷರ ಎಲ್ಲ ಸೇರಿ ಇಂಗ್ಲಿಷಿಗಿಂತ ಬಹಳ ಜಾಸ್ತಿ ಮೊಳೆ ಬೇಕು. ಅದಕ್ಕೇ ಒಬ್ಬೊಬ್ಬ ಕಂಪೋಸಿಟರ್ ಸುತ್ತ ಹಲವು ಕೇಸು ಇರುತ್ತಿದ್ದವು.

ಅವರು 1,800 ಹೇಳಿದರು. ಒಂದು ಮೂಲೆಯಲ್ಲಿ ಅಡ್ಡಪಟ್ಟಿಗಳು ಮುರಿದಿದ್ದವು, ಅದನ್ನು ತೋರಿಸಿ 1,100ಕ್ಕೆ ತಂದೆ. ಅಲ್ಲೇ ಪಕ್ಕದಲ್ಲಿ ಒಂದು ಅಳಗುಳಿಮಣೆ 650 ರೂಪಾಯಿಗೆ ಸಿಕ್ಕಿತು. ಮರದ ಅಂಚಿನ ಹಳೆ ಜರಡಿ 120 ರೂಪಾಯಿ. ಸ್ಕೂಟರಿನಲ್ಲಿ ಇದೆಲ್ಲ ಹಿಡಿಯಲಿಲ್ಲ, ಕೇಸನ್ನು ಆಟೋದಲ್ಲಿ ತಂದೆ.

ಮನೆಗೆ ಬಂದು ಅಳೆದೆ. ಹೊರಗಿನ ಉದ್ದ 32¼ ಇಂಚು, ಅಗಲ 14½ ಇಂಚು, ಒಳಗಿನ ಆಳ 1¼ ಇಂಚು. ನಡುವೆ ಒಂದು ದಪ್ಪ ಪಟ್ಟಿ. ಅದರ ಎರಡೂ ಕಡೆ ಏಳು ಸಾಲಿಗೆ ಏಳು ಖಾನೆ, ಒಟ್ಟು 98. ಒಂದೊಂದು ಖಾನೆ ಸುಮಾರು 2⅛ ಇಂಚು ಅಗಲ, 1⅞ ಇಂಚು ಎತ್ತರ. ತೂಕ 4.6 ಕಿಲೋ. ಅವ್ವನ ಕಾಲುಂಗುರದ ಜೋಡಿ ಒಂದು ಖಾನೆಯಲ್ಲಿ ಸರಿಯಾಗಿ ಕೂತಿತು. ಆಗಲೇ ಇದೇ ಕಪಾಟು ಅಂತ ಮನಸ್ಸು ಗಟ್ಟಿಯಾಯಿತು.

ಜೂನ್ 16, ಸೋಮವಾರ: ಮೊದಲ ತಪ್ಪು, ಎಲ್ಲಕ್ಕಿಂತ ದೊಡ್ಡ ತಪ್ಪು

ಮಗಳು ಶಾಲೆಗೆ ಹೋದ ಮೇಲೆ ಬಾಲ್ಕನಿಯಲ್ಲಿ ಕೂತು 120 ನಂಬರಿನ ಸ್ಯಾಂಡ್ ಪೇಪರಿನಿಂದ ಅಂಚು ಉಜ್ಜಲು ಶುರುಮಾಡಿದೆ. ಒಣಗಿದ ಮರ, ಬೂದು ಬಣ್ಣದ ಧೂಳು. ಮಾಸ್ಕ್ ಇಲ್ಲ. ಹತ್ತು ನಿಮಿಷ ಆಗಿರಬೇಕು.

ಕೆಳಗಿನ ಮನೆಯ ಅಜ್ಜ ವಾಕಿಂಗ್ ಮುಗಿಸಿ ಬರುತ್ತಿದ್ದರು. ಅವರು ಚಿಕ್ಕ ವಯಸ್ಸಿನಲ್ಲಿ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕೆಳಗಿನಿಂದಲೇ ಕೂಗಿದರು. "ಏನಮ್ಮ, ಕೇಸನ್ನ ಉಜ್ತಾ ಇದೀಯಾ? ನಿಲ್ಸು ನಿಲ್ಸು. ಅದು ಸೀಸದ ಧೂಳು. ನಾವು ಕೈ ತೊಳೀದೆ ಊಟಕ್ಕೆ ಕೂರ್ತಿರ್ಲಿಲ್ಲ."

ಅಚ್ಚುಮೊಳೆ ಎಂದರೆ ಸೀಸ, ಆಂಟಿಮನಿ, ತವರ ಸೇರಿದ ಲೋಹ. ಅದರಲ್ಲಿ ಸೀಸವೇ ಹೆಚ್ಚು. ವರ್ಷಗಟ್ಟಲೆ ಮೊಳೆ ಉಜ್ಜಿ ಉಜ್ಜಿ ಅದರ ಪುಡಿ ಖಾನೆಗಳ ಮೂಲೆಯಲ್ಲಿ, ಮರದ ಬಿರುಕಿನಲ್ಲಿ ಕೂತಿರುತ್ತದೆ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕೆಟ್ಟದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಈ ಮರಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ. ಇದನ್ನು ಬರೆಯುವಾಗಲೂ ಮನಸ್ಸಿಗೆ ಹಿಂಸೆಯಾಗುತ್ತದೆ.

ಆಮೇಲೆ ಮಾಡಿದ್ದು ಇಷ್ಟು. ಗುಡಿಸಲಿಲ್ಲ, ಗುಡಿಸಿದರೆ ಧೂಳು ಏಳುತ್ತದೆ. ಬಾಲ್ಕನಿಯನ್ನು ಸೋಪಿನ ನೀರಿನ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದೆ. ಪ್ರತಿ ಸಲವೂ ಬೇರೆ ಬಟ್ಟೆ. ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆದೆ. ಹಾಕಿಕೊಂಡಿದ್ದ ಉಡುಪನ್ನು ಬೇರೆಯಾಗಿ ಒಗೆದೆ. ತಲೆಸ್ನಾನ ಮಾಡಿದೆ. ಕೇಸನ್ನು ದೊಡ್ಡ ಕವರಿನಲ್ಲಿ ಸುತ್ತಿ ತಾರಸಿಯ ಮೇಲೆ ಇಟ್ಟೆ. ಮಗಳು ಮನೆಗೆ ಬರುವ ಹೊತ್ತಿಗೆ ಇಷ್ಟೂ ಮುಗಿದಿತ್ತು.

ಯಾರಾದರೂ ಇಂಥ ಕೇಸು ತಂದರೆ ಒಣ ಉಜ್ಜಾಟ ಬೇಡವೇ ಬೇಡ. ಹಳೆ ಬಣ್ಣ ಬಳಿದ ಬಾಗಿಲು, ಕಿಟಕಿಗಳಿಗೂ ಇದೇ ಮಾತು. ಹಳೆಯ ಎಣ್ಣೆ ಬಣ್ಣದಲ್ಲೂ ಸೀಸ ಇರುತ್ತಿತ್ತು.

ಜೂನ್ 22, ಭಾನುವಾರ: ತಾರಸಿಯಲ್ಲಿ ತೊಳೆತ, ಎರಡನೇ ತಪ್ಪು

ಎನ್95 ಮಾಸ್ಕ್, ರಬ್ಬರ್ ಕೈಗವಸು ತಂದೆ, 210 ರೂಪಾಯಿ. ಮಗಳನ್ನು ತಾರಸಿಗೆ ಬಿಡಲಿಲ್ಲ. ಕೇಸಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ.

ಮೊದಲು ಪ್ರತಿ ಖಾನೆಗೂ ನೀರು ಚಿಮುಕಿಸಿ, ಹಳೆ ಟೂತ್ ಬ್ರಷ್‌ನಿಂದ ಮೂಲೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಎತ್ತಿಕೊಂಡೆ. 20 ಖಾನೆ ಮುಗಿಯಲು ಒಂದು ಗಂಟೆ ಹಿಡಿಯಿತು. ತಾಳ್ಮೆ ಕೆಟ್ಟು ಉಳಿದ ಖಾನೆಗಳಿಗೆ ಮಗ್ಗಿನಿಂದ ಸೋಪಿನ ನೀರು ತುಂಬಿಸಿಬಿಟ್ಟೆ. ಅರ್ಧ ಗಂಟೆ ನೆನೆಯಲಿ ಎಂದು ಬಿಟ್ಟೆ. ಅದು ತಪ್ಪು. ಕೇಸಿನ ತಳ ಬರೀ ಕಾಲು ಇಂಚಿನ ತೆಳು ಹಲಗೆ, ಸಣ್ಣ ಮೊಳೆಗಳಲ್ಲಿ ಹೊಡೆದದ್ದು. ನೀರು ಕುಡಿದು ನಡುವೆ ಉಬ್ಬಿತು. ಎರಡು ಕಡೆ ಮೊಳೆ ಎದ್ದು ಬಂತು. ಆ ಕೊಳಕು ನೀರನ್ನು ಎಲ್ಲಿ ಚೆಲ್ಲುವುದು ಎಂಬ ಇನ್ನೊಂದು ಕಷ್ಟ. ಗಿಡಕ್ಕಂತೂ ಹಾಕುವ ಹಾಗಿಲ್ಲ. ಹಳೆ ಬಟ್ಟೆಯಲ್ಲಿ ಹೀರಿಸಿ ಹೀರಿಸಿ ಕವರಿಗೆ ತುಂಬಿದೆ.

ಉಬ್ಬಿದ ತಳದ ಮೇಲೆ ಹಲಗೆ ಇಟ್ಟು, ಅದರ ಮೇಲೆ ರುಬ್ಬುಗುಂಡು ಹೇರಿ ನೆರಳಿನಲ್ಲಿ ಆರು ದಿನ ಒಣಗಿಸಿದೆ. ಪೂರ್ತಿ ಅಲ್ಲದಿದ್ದರೂ ಬಹುಪಾಲು ಸರಿಯಾಯಿತು. ಈಗಲೂ ಎಡಭಾಗದ ನಡುವೆ ಒಂದು ಗೆರೆಯಷ್ಟು ಉಬ್ಬು ಇದೆ.

ತೊಳೆಯುವಾಗ ಬಿರುಕಿನಲ್ಲಿ ಒಂದು ಅಚ್ಚುಮೊಳೆ ಸಿಕ್ಕಿತು. ಕನ್ನಡಿಯಲ್ಲಿ ಕಂಡಂತೆ ತಿರುಗಿದ "ಳ". ಅಜ್ಜನಿಗೆ ತೋರಿಸಿದೆ. ಬೆರಳ ತುದಿಯಲ್ಲಿ ಸವರಿ, ಕಣ್ಣಿನ ಹತ್ತಿರ ಹಿಡಿದು, "ಹನ್ನೆರಡು ಪಾಯಿಂಟು" ಎಂದರು. ಎಷ್ಟೋ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಹೋಗುವ ಮುಂಚೆ ನಮ್ಮ ಸಿಂಕಿನಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡು ಹೋದರು. ಆ ಮೊಳೆ ಈಗ ಬಿರಡೆ ಹಾಕಿದ ಗಾಜಿನ ಶೀಶೆಯಲ್ಲಿ ಅವರ ಮನೆಯಲ್ಲಿದೆ.

ಜೂನ್ 28ರಿಂದ ಜುಲೈ 6: ಅರಗಿನ ಪಾಲಿಶ್

ತೊಳೆದರೂ ಸೀಸ ಪೂರ್ತಿ ಹೋಗಿರುವುದಿಲ್ಲ ಎಂದೇ ಲೆಕ್ಕ ಹಾಕಬೇಕು. ಉಳಿದದ್ದನ್ನು ಪಾಲಿಶ್ ಅಡಿಯಲ್ಲಿ ಮುಚ್ಚಬೇಕು. 100 ಗ್ರಾಂ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಸ್ಪಿರಿಟಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಪಂಚೆ ಬಟ್ಟೆಯಲ್ಲಿ ಸೋಸಿದೆ. ಎರಡೂ ಸೇರಿ 390 ರೂಪಾಯಿ. ಬಡಗಿಗಳು ಹಿಂದಿನಿಂದ ಬಳಸುವ ಪಾಲಿಶ್ ಇದೇ. ಬೇಗ ಒಣಗುತ್ತದೆ, ಒಣಗಿದ ಮೇಲೆ ವಾಸನೆ ಇರುವುದಿಲ್ಲ. ಸ್ಪಿರಿಟ್ ಇರುವುದರಿಂದ ಒಲೆ, ದೀಪ ಹತ್ತಿರ ಬೇಡ.

ಅರ್ಧ ಇಂಚಿನ ಬ್ರಷ್ಷು. ಒಂದು ಕೋಟು ಬಳಿಯಲು ಐದು ಗಂಟೆ. ಪ್ರತಿ ಖಾನೆಗೂ ನಾಲ್ಕು ಗೋಡೆ, ಒಂದು ತಳ. ಕುತ್ತಿಗೆ ಹಿಡಿದುಕೊಂಡಿತು.

ಮೊದಲ ಕೋಟು ಚೆನ್ನಾಗಿ ಬಂತು. ಎರಡನೆಯದನ್ನು ಮಳೆ ಸುರಿಯುವ ದಿನ ಹಚ್ಚಿದೆ. ಒಣಗಿದಾಗ ಮರದ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಿನ ಮಬ್ಬು. ಗಾಳಿಯ ತೇವ ಪಾಲಿಶ್ ಒಳಗೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಗಾಬರಿಯಾಗಿ ಎಲ್ಲ ಕೀಳಲು ಹೊರಟಿದ್ದೆ. ಅಜ್ಜ ತಡೆದರು. ಬಿಸಿಲು ಬಿದ್ದ ದಿನ ಸ್ಪಿರಿಟ್ ಮುಟ್ಟಿಸಿದ ಬಟ್ಟೆಯನ್ನು ಹಿಂಡಿ, ಮೇಲೆ ಹಗುರವಾಗಿ ಒಂದೇ ಸಲ ಎಳೆಯಲು ಹೇಳಿದರು. ಮಬ್ಬು ಕರಗಿತು. ಮೂರನೇ ಕೋಟು ಜುಲೈ 6ರ ಒಣ ಮಧ್ಯಾಹ್ನ. ಮರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು, ಬಲು ಚಂದ.

ಮುರಿದ ಮೂಲೆ

ಬಲತುದಿಯ ಎರಡು ಕಂಬಸಾಲಿನಲ್ಲಿ ಎಂಟು ತುಂಡು ಅಡ್ಡಪಟ್ಟಿ ಮುರಿದು ಹೋಗಿದ್ದವು. ಮೊದಲು ಹೊಸ ಪಟ್ಟಿ ಕತ್ತರಿಸಿ ಕೂರಿಸಲು ನೋಡಿದೆ. ಐಸ್‌ಕ್ರೀಮ್ ಕಡ್ಡಿ ಪ್ರಯತ್ನಿಸಿದೆ, ಅದು ತೀರಾ ತೆಳು, ನಿಲ್ಲಲಿಲ್ಲ. ಹಳೆ ಸ್ಕೇಲು ಕತ್ತರಿಸಿದೆ, ಬಣ್ಣ ಕೂಡಲಿಲ್ಲ.

ಆಗ ಸರಗಳ ನೆನಪಾಯಿತು. 1⅞ ಇಂಚಿನ ಖಾನೆಯಲ್ಲಿ ಸರ ಮಡಚಿಟ್ಟರೆ ಮತ್ತೆ ಗಂಟೇ. ಇಲ್ಲಿ ಐದೈದು ಖಾನೆ ಒಂದಾಗಿ 9½ ಇಂಚಿನ ಎರಡು ಉದ್ದ ಕೋಣೆ ಆಗಿದ್ದವು. 16 ಇಂಚಿನ ಸರ ಕೊಕ್ಕೆಗೆ ತೂಗಿದರೆ 8 ಇಂಚು ಇಳಿಯುತ್ತದೆ, 18 ಇಂಚಿನದು 9. ಎರಡೂ ಸರಿಹೋಗುತ್ತವೆ. ಪಟ್ಟಿ ಹಾಕುವುದನ್ನು ಬಿಟ್ಟು, ಮೇಲೆ ಒಂದೊಂದು ಕೋಣೆಗೆ ಎರಡು ಸಣ್ಣ ಹಿತ್ತಾಳೆ ಕೊಕ್ಕೆ ತಿರುಗಿಸಿದೆ. ಉಳಿದದ್ದು 88 ಖಾನೆ. ಅಲುಗಾಡುತ್ತಿದ್ದ ಪಟ್ಟಿಗಳಿಗೆ ಬಿಳಿ ಮರದ ಅಂಟು, 85 ರೂಪಾಯಿ.

ಜುಲೈ 12 ಮತ್ತು 13: ಗಾಜು, ಮೂರನೇ ತಪ್ಪು

32¼ ಇಂಚಿಗೆ 14½ ಇಂಚಿನ 4 ಮಿ.ಮೀ. ಗಾಜು ಕತ್ತರಿಸಿ ತಂದೆ, 540 ರೂಪಾಯಿ. ಒಂದೇ ಬಾಗಿಲು ಮಾಡಿ, ಮೇಲ್ಗಡೆ ಎರಡು ಹಿಂಜಸ್ ಹಾಕಿ ಮೇಲಕ್ಕೆ ಎತ್ತುವ ಯೋಜನೆ. ಗಾಜಿನ ತೂಕವೇ 3 ಕಿಲೋ. ಕೇಸಿನ ಅಂಚು ಬರೀ ಅರ್ಧ ಇಂಚು ದಪ್ಪ, ಅದೂ ಹಳೆ ಒಣ ಮರ. ಮೊದಲೇ ಸಣ್ಣ ತೂತು ಕೊರೆಯದೆ ನೇರ ಸ್ಕ್ರೂ ತಿರುಗಿಸಿದೆ. ಎರಡನೇ ಸ್ಕ್ರೂಗೇ ಟಪ್ ಎಂದು ಮರ ಸೀಳಿತು. ಮೂರು ಇಂಚು ಉದ್ದದ ಸೀಳು. ಹಿಂಜಸ್‌ನ 140 ರೂಪಾಯಿ ದಂಡ.

ಸೀಳಿಗೆ ಅಂಟು ತುಂಬಿ, ದಾರ ಬಿಗಿದು ಒಂದು ದಿನ ಬಿಟ್ಟೆ. ಆಮೇಲೆ ನಮ್ಮ ಊರಿನ ಮನೆಯ ಶೋಕೇಸ್ ನೆನಪಾಯಿತು. ಅಕ್ಕಪಕ್ಕ ಸರಿಯುವ ಎರಡು ಗಾಜು. ಎಸ್‌.ಪಿ. ರಸ್ತೆಯಲ್ಲಿ ಎರಡು ದಾರಿಯ ಅಲ್ಯೂಮಿನಿಯಂ ಶೋಕೇಸ್ ಚಾನಲ್ ಸಿಕ್ಕಿತು, 280 ರೂಪಾಯಿ. ಮೇಲಿನ ಚಾನಲ್‌ನ ಕಾಲುವೆ ಆಳ ಜಾಸ್ತಿ, ಕೆಳಗಿನದು ಕಡಿಮೆ. ಗಾಜನ್ನು ಮೊದಲು ಮೇಲಕ್ಕೆ ತೂರಿಸಿ ಆಮೇಲೆ ಕೆಳಗೆ ಇಳಿಸಬೇಕು. ಅದೇ ಗಾಜನ್ನು ಎರಡು ಮಾಡಿಸಿ, ಚಾನಲ್‌ನ ಒಳಗೆ ಕೂರುವಷ್ಟು ಎತ್ತರವನ್ನೂ ಇಳಿಸಿ, ಅಂಚು ಉಜ್ಜಿಸಿದೆ, 100 ರೂಪಾಯಿ. ಸಾದಾ ಗಾಜು ಆದ್ದರಿಂದ ಆಯಿತು. ಟಫನ್ ಮಾಡಿದ ಗಾಜಾಗಿದ್ದರೆ ಮತ್ತೆ ಕತ್ತರಿಸಲು ಆಗುವುದೇ ಇಲ್ಲ.

ಲೆಕ್ಕ ಹೀಗೆ. ಎರಡು ಪಕ್ಕಕ್ಕೂ ⅜ ಇಂಚಿನ ಮರದ ಪಟ್ಟಿ. ನಡುವೆ ಉಳಿದದ್ದು 31½ ಇಂಚು. ಒಂದೊಂದು ಗಾಜು 16⅛ ಇಂಚು. ಮುಚ್ಚಿದಾಗ ಒಂದರ ಮೇಲೊಂದು ಮುಕ್ಕಾಲು ಇಂಚು ಬರುತ್ತದೆ. ಈ ಸಲ ಪ್ರತಿ ಸ್ಕ್ರೂಗೂ 2 ಮಿ.ಮೀ. ತೂತು ಮೊದಲು ಕೊರೆದೆ. ಒಂದೂ ಸೀಳಲಿಲ್ಲ.

ಗೋಡೆಯ ವಿಷಯ. ಕೇಸು, ಗಾಜು, ಚಾನಲ್ ಸೇರಿ 8 ಕಿಲೋ ದಾಟಿತು. ಒಡವೆ ಬೇರೆ. ಒಂದು ಮೊಳೆಗೆ ನೇತುಹಾಕುವ ಮಾತಲ್ಲ. 28 ಇಂಚಿನ ಮರದ ಪಟ್ಟಿಯನ್ನು (ರೀಪರ್) ಉದ್ದಕ್ಕೆ ಓರೆಯಾಗಿ ಸೀಳಿಸಿ, ಒಂದು ಅರ್ಧವನ್ನು ಗೋಡೆಗೆ, ಇನ್ನೊಂದನ್ನು ಕೇಸಿನ ಬೆನ್ನಿಗೆ ಹಾಕಿದೆ. ಒಂದರೊಳಗೊಂದು ಕಚ್ಚಿಕೊಂಡು ಕೂರುತ್ತದೆ. ಗೋಡೆಗೆ 8 ಮಿ.ಮೀ. ರಾಲ್ ಪ್ಲಗ್ ನಾಲ್ಕು, 2 ಇಂಚಿನ ಸ್ಕ್ರೂ ನಾಲ್ಕು. ಕೊಕ್ಕೆ, ಸ್ಕ್ರೂ, ಪ್ಲಗ್, ರೀಪರ್ ಎಲ್ಲ ಸೇರಿ 260. ಹೊರಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ, ಬಚ್ಚಲಿಗೆ ಅಂಟಿದ ಗೋಡೆಯೂ ಅಷ್ಟೇ. ಅದಕ್ಕೆ ಮಲಗುವ ಕೋಣೆಯ ಒಳಗೋಡೆ ಆರಿಸಿದೆ.

ಒಳಹೊದಿಕೆ: ಕರಿ ಕಂಬಳಿ

ಟ್ರಂಕಿನಲ್ಲಿ ಅಜ್ಜಿಯ ಕರಿ ಕಂಬಳಿಯ ತುಂಡಿತ್ತು. ಕರಿ ಕಂಬಳಿಯ ಮೇಲೆ ಬೆಳ್ಳಿ ಇಟ್ಟರೆ ಎಷ್ಟು ಚಂದ ಕಾಣುತ್ತದೆ ಎಂದರೆ, ನಾನು ಮತ್ತೇನೂ ಯೋಚಿಸಲಿಲ್ಲ. 88 ತುಂಡು ಕತ್ತರಿಸಿ, 180 ರೂಪಾಯಿಯ ರಬ್ಬರ್ ಅಂಟಿನಿಂದ ತಳಕ್ಕೆ ಅಂಟಿಸಿದೆ. ಜುಲೈ 19ಕ್ಕೆ ಗೋಡೆಗೆ ಏರಿಸಿ ಗಾಜು ಮುಚ್ಚಿದೆ. ಅವ್ವ ಎರಡು ದಿನ ಕೂತು ತನ್ನ ಒಡವೆಗಳನ್ನು ಒಂದೊಂದಾಗಿ ಜೋಡಿಸಿದಳು. ಮದುವೆಯಲ್ಲಿ ಬಂದದ್ದು ಮೇಲಿನ ಸಾಲಿಗೆ, ನಾನು ಹುಟ್ಟಿದ ಮೇಲೆ ಬಂದದ್ದು ಅದರ ಕೆಳಗೆ.

ಆಗಸ್ಟ್ 6, ಬುಧವಾರ

ಹಬ್ಬಕ್ಕೆ ಎರಡು ದಿನ ಮುಂಚೆ ಗೆಜ್ಜೆ ತೆಗೆಯಲು ಹೋದ ಅವ್ವ ಕೂಗಿದಳು. "ಯವ್ವಾ, ಇಲ್ಲಿ ಬಾ. ಬೆಳ್ಳಿ ಯಾಕ ಹಿಂಗ ಕರ್ರಗಾಗೇತಿ?"

ಕಂಬಳಿ ಮುಟ್ಟಿದ ಕಡೆಯೆಲ್ಲ ಹಳದಿ, ಅಂಚಿನಲ್ಲಿ ಕಪ್ಪು. ಹದಿನೆಂಟೇ ದಿನ. ಸ್ಟೀಲ್ ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದಾಗ ಆಗದ್ದು ನಾನು ಮಾಡಿದ ಕಪಾಟಿನಲ್ಲಿ ಆಯಿತು. ನನಗೆ ಅಳು ಬಂತು.

ಹಬ್ಬಕ್ಕೆ ಬೇಕಾದವನ್ನು ಮೊದಲು ತೊಳೆದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್, ಹೊಳೆಯುವ ಬದಿ ಮೇಲೆ. ಒಂದು ಲೀಟರ್ ಕುದಿ ನೀರಿಗೆ ಎರಡು ಚಮಚ ಅಡುಗೆ ಸೋಡ. ಬೆಳ್ಳಿ ಫಾಯಿಲ್ ಮುಟ್ಟುವಂತೆ ಇಟ್ಟರೆ ಐದು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಹರಳು, ಮುತ್ತು ಕೂರಿಸಿದವನ್ನು ಇದರಲ್ಲಿ ಹಾಕಬಾರದು. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಜುಮುಕಿಯನ್ನೂ ಹಾಕಬಾರದು, ಅದರ ಚಂದವೇ ಹೋಗುತ್ತದೆ. ಅವನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒಣದಾಗಿಯೇ ಒರೆಸಿದೆ.

ಆಗಸ್ಟ್ 9ರಿಂದ 23: ನಾಲ್ಕು ಬಾಟಲಿ

ಕಂಬಳಿಯದೋ, ಅಂಟಿನದೋ ತಪ್ಪು? ಊಹೆ ಮಾಡಿ ಮತ್ತೆ 88 ತುಂಡು ಕತ್ತರಿಸುವ ಧೈರ್ಯ ಇರಲಿಲ್ಲ. ತುಂಡಾದ ಒಂದು ಗೆಜ್ಜೆ ಸರಪಳಿಯನ್ನು ನಾಲ್ಕು ಭಾಗ ಮಾಡಿ ಹೊಳಪು ಬರುವಂತೆ ಉಜ್ಜಿದೆ. ನಾಲ್ಕು ಖಾಲಿ ಜಾಮ್ ಬಾಟಲಿ. ಒಂದರಲ್ಲಿ ಕಂಬಳಿ ತುಂಡು. ಎರಡನೆಯದರಲ್ಲಿ ರಬ್ಬರ್ ಅಂಟು ಹಚ್ಚಿ ಒಣಗಿಸಿದ ರಟ್ಟು. ಮೂರನೆಯದರಲ್ಲಿ ಗಂಜಿ ಹೋಗುವಂತೆ ಒಗೆದ ಹತ್ತಿಯ ಕೋರಾ ಬಟ್ಟೆ. ನಾಲ್ಕನೆಯದರಲ್ಲಿ ಟ್ರಂಕಿನ ಹಳೆ ರೇಷ್ಮೆ ಖಣ, ಅಂದರೆ ಕುಪ್ಪಸದ ಬಟ್ಟೆ. ಪ್ರತಿಯೊಂದರಲ್ಲೂ ಒಂದು ಸಣ್ಣ ಮುಚ್ಚಳದಲ್ಲಿ ಒದ್ದೆ ಹತ್ತಿ, ಒಂದು ತುಂಡು ಬೆಳ್ಳಿ. ಬಿರಡೆ ಬಿಗಿದು ತಾರಸಿಯ ಬಿಸಿಲಿಗೆ ಇಟ್ಟೆ.

ಐದನೇ ದಿನಕ್ಕೆ ಕಂಬಳಿ ಬಾಟಲಿಯ ಬೆಳ್ಳಿ ಹಳದಿಯಾಯಿತು. ಹದಿನಾಲ್ಕನೇ ದಿನ ಅದು ಕಂದು ಕಪ್ಪು. ಅಂಟಿನ ಬಾಟಲಿಯದು ಮಂಕು ಹಳದಿ. ಕೋರಾ, ಖಣ ಎರಡರಲ್ಲೂ ಬೆಳ್ಳಿ ಹಾಕಿದ ಹಾಗೇ ಇತ್ತು.

ಉಣ್ಣೆಯಲ್ಲಿ, ಕೂದಲಿನಲ್ಲಿ ಇರುವ ಹಾಗೆ, ಗಂಧಕ ಇದೆ. ಅದರ ಆವಿ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ರಬ್ಬರಿನಲ್ಲೂ ಗಂಧಕ ಸೇರಿಸಿರುತ್ತಾರೆ. ಬೆಳ್ಳಿ ಸರವನ್ನು ರಬ್ಬರ್ ಬ್ಯಾಂಡ್ ಹಾಕಿ ಇಡಬಾರದು ಅನ್ನುವುದೂ ಇದಕ್ಕೇ. ರೇಷ್ಮೆಯೂ ಪ್ರಾಣಿಯಿಂದ ಬಂದ ನೂಲೇ, ಆದರೆ ಅದರಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ.

ಆಗಸ್ಟ್ 24ರಿಂದ 31: ಕಂಬಳಿ ಕಿತ್ತು ಖಣ

ಅಂಟಿಸಿದ್ದನ್ನು ಕೀಳುವುದಕ್ಕೆ ಅಂಟಿಸಿದ್ದಕ್ಕಿಂತ ಮೂರು ಪಟ್ಟು ಹೊತ್ತು ಬೇಕಾಯಿತು. ಬೆಣ್ಣೆ ಚಾಕುವಿನಿಂದ ಎಬ್ಬಿಸಿ, ಉಳಿದ ಅಂಟನ್ನು ಬೆರಳಿನಿಂದ ಉಂಡೆಯಾಗಿ ಉರುಟಿ ತೆಗೆದೆ. ಹನ್ನೊಂದು ಖಾನೆಗಳಲ್ಲಿ ಅರಗಿನ ಪಾಲಿಶೂ ಕಿತ್ತು ಬಂತು. ಅಲ್ಲಿ ಸೀಸದ ಮರ ಮತ್ತೆ ಬಯಲಾದಂತೆ. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಹನ್ನೊಂದಕ್ಕೂ ಮತ್ತೆ ಎರಡು ಕೋಟು ಹಚ್ಚಿದೆ. ಒಳಹೊದಿಕೆಯನ್ನು ಮೊದಲ ಸಲವೇ ಅಂಟಿಸದೆ ಕೂರಿಸಿದ್ದರೆ ಈ ವಾರ ಉಳಿಯುತ್ತಿತ್ತು.

ನಮ್ಮ ಕಡೆ ಉಡಿ ತುಂಬುವಾಗ ಖಣ ಕೊಡುತ್ತಾರೆ. ಗುಳೇದಗುಡ್ಡದ ನೇಯ್ಗೆ, ಕುಪ್ಪಸಕ್ಕೆಂದು ಇರುವ ತುಂಡು. ಮದುವೆ, ಸೀಮಂತ, ತೊಟ್ಟಿಲು ಅಂತ ಎಲ್ಲದಕ್ಕೂ ಬಂದು ಬಂದು ಅವ್ವನ ಟ್ರಂಕಿನಲ್ಲಿ ಇಪ್ಪತ್ತಮೂರು ಖಣ ಇದ್ದವು. ಹೊಲಿಸಿದ್ದು ನಾಲ್ಕೈದು ಇರಬೇಕು. ಕತ್ತರಿಸಲು ನನಗೆ ಕೈ ಬರಲಿಲ್ಲ. ಅವ್ವನೇ ಕತ್ತರಿ ತಗೊಂಡಳು. "ಟ್ರಂಕಿನ್ಯಾಗ ಇಟ್ಟು ಏನ್ ಮಾಡೂದು? ಇಲ್ಲಿ ದಿನಾ ಕಾಣ್ತಾವ" ಎಂದಳು. ಯಾವ ಖಣ ಯಾರು ಕೊಟ್ಟದ್ದು ಎಂದು ಹೇಳುತ್ತಾ ಹೇಳುತ್ತಾ ಕತ್ತರಿಸಿದಳು.

ಎಲ್ಲ ಖಣವೂ ರೇಷ್ಮೆ ಅಲ್ಲ. ಒಂದೊಂದರಿಂದ ನೂಲು ಎಳೆದು ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ರೇಷ್ಮೆ, ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಸ್ಟರ್. ಆಮೇಲೆ ಬಣ್ಣದ ಪರೀಕ್ಷೆ. ಒದ್ದೆ ಬಿಳಿ ಬಟ್ಟೆ ಇಟ್ಟು ಉಜ್ಜಿದೆ. ಎರಡು ಹಸಿರು ಖಣ ಬಣ್ಣ ಬಿಟ್ಟವು, ಅವನ್ನು ತೆಗೆದಿಟ್ಟೆ. ಕುಂಕುಮ ಕೆಂಪು, ನೇರಳೆ, ಇಟ್ಟಿಗೆ ಬಣ್ಣದವು ಉಳಿದವು.

ವಿಧಾನ ಹೀಗೆ. ಬಿಳಿ ಐವರಿ ಕಾರ್ಡ್ ಕತ್ತರಿಸಿ, ಮೇಲೆ ಖಣ ಸುತ್ತಿ, ಹಿಂದೆ ದಾರದಲ್ಲಿ ಅಡ್ಡಾದಿಡ್ಡಿ ಹೊಲಿದು ಬಿಗಿಯುವುದು. ಅಂಟು ಇಲ್ಲ. ಖಾನೆಯ ಬೆನ್ನಿಗೆ ಒತ್ತಿ ಕೂರಿಸಿದರೆ ತನ್ನಷ್ಟಕ್ಕೆ ನಿಲ್ಲುತ್ತದೆ. ಒಡವೆ ಕೂರುವ ಕೆಳಗಿನ ಪಟ್ಟಿಗೆ ಕೋರಾ ಬಟ್ಟೆ, ಎರಡು ಮೀಟರ್ 160 ರೂಪಾಯಿ. ಮೊದಲ 30 ಕಾರ್ಡನ್ನು ಖಾನೆಯ ಅಳತೆಗೇ ಕತ್ತರಿಸಿ ಕೆಡಿಸಿದೆ. ಬಟ್ಟೆಯ ಮಡಿಕೆ ನಾಲ್ಕೂ ಕಡೆ ಜಾಗ ತಿನ್ನುತ್ತದೆ. 2 ಇಂಚಿಗೆ 1¾ ಇಂಚು ಕತ್ತರಿಸಿದ ಮೇಲೆ ಸರಿಹೋಯಿತು. ದಿನಕ್ಕೆ ಹದಿನೈದರಂತೆ ಇಬ್ಬರೂ ಕೂತು ಹೊಲಿದೆವು.

ಮೂಲೆಯ ಎರಡು ಖಾನೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಸರಿಯುವ ಗಾಜಿನ ನಡುವೆ ಸಣ್ಣ ಸಂದು ಇರುವುದರಿಂದ ಗಾಳಿ ಆಡುತ್ತದೆ. ಮುತ್ತಿಗೆ ಅದು ಒಳ್ಳೆಯದು, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟ ಮುತ್ತು ಮಂಕಾಗುತ್ತದೆ.

ಜರಡಿ ಮತ್ತು ಅಳಗುಳಿಮಣೆ

ಇವು ಬೇಗ ಮುಗಿದವು. ಜರಡಿಯನ್ನು ಗೋಡೆಗೆ ಹಾಕಿ ಜುಮುಕಿ ನೇತುಹಾಕುವ ಯೋಚನೆ. ನಾನು ತಂದದ್ದು ಹಿಟ್ಟಿನ ಜರಡಿ. ಜುಮುಕಿಯ ಕೊಕ್ಕೆಯ ತಂತಿಯೇ ಸುಮಾರು 0.8 ಮಿ.ಮೀ. ದಪ್ಪ, ಒಂದು ಕಣ್ಣಿಗೂ ತೂರಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗಿ ಕಾಳು ಜಾಲಿಸುವ ದೊಡ್ಡ ಕಣ್ಣಿನ ಜರಡಿ ತಂದೆ, 90 ರೂಪಾಯಿ. ಅಂಗಡಿಗೆ ಹೋಗುವಾಗ ಒಂದು ಜುಮುಕಿ ಜೇಬಿನಲ್ಲಿ ಇರಬೇಕಿತ್ತು. ತಿರುಪಿನ ಓಲೆಗಳ ಕಡ್ಡಿ ಇನ್ನೂ ದಪ್ಪ, ಅವು ಜರಡಿಗೆ ಆಗಲಿಲ್ಲ.

ಅವುಗಳಿಗೆ ಅಳಗುಳಿಮಣೆ. ಎರಡು ಸಾಲು, ಏಳೇಳು ಗುಳಿ, ಒಟ್ಟು ಹದಿನಾಲ್ಕು. ಒಂದು ಗುಳಿಗೆ ಒಂದು ಜೋಡಿ. ಮಣೆಯ ಒಂದು ತುದಿಯಿಂದ ಹಿಟ್ಟಿನಂಥ ಪುಡಿ ಉದುರುತ್ತಿತ್ತು, ಕುಟ್ಟೆ ಹುಳು. ಸಿರಿಂಜಿನಿಂದ ತೂತುಗಳಿಗೆ ಮನೆಯಲ್ಲಿದ್ದ ಟರ್ಪಂಟೈನ್ ಬಿಟ್ಟು, ಕವರಿನಲ್ಲಿ ಕಟ್ಟಿ ಮೂರು ದಿನ ಇಟ್ಟೆ. ಆಮೇಲೆ ಬಿಡಿಸಿ ವಾರವಿಡೀ ಬಿಸಿಲಿಗೆ ಹಾಕಿದೆ. ಕೆಳಗೆ ಕರಿ ಕಾಗದ ಹಾಸಿ ತಿಂಗಳು ಕಾದೆ, ಮತ್ತೆ ಪುಡಿ ಬೀಳಲಿಲ್ಲ. ಇಂಥ ಮರವನ್ನು ತಂದ ದಿನವೇ ಮಂಚದ ಹತ್ತಿರ ಇಡಬೇಡಿ. ಮಣೆಗೆ ಪಾಲಿಶ್ ಹಾಕಲಿಲ್ಲ. ಎಷ್ಟೋ ಕೈಗಳು ಆಡಿ ಆಡಿ ಬಂದ ನುಣುಪು ಅದು. ಕೊಬ್ಬರಿ ಎಣ್ಣೆಯ ಕೈ ಒಂದು ಸಲ ಸವರಿದೆ, ಅಷ್ಟೇ.

ಖರ್ಚು

ಕೇಸು, ಮಣೆ, ಎರಡು ಜರಡಿ ಸೇರಿ 1,960. ಗಾಜು, ಚಾನಲ್, ಪಾಲಿಶ್, ಸ್ಕ್ರೂ ಸಾಮಾನು, ಕೋರಾ ಬಟ್ಟೆ, ಮರದ ಅಂಟು ಸೇರಿ 1,715. ಮಾಸ್ಕ್, ಕೈಗವಸು 210. ತಪ್ಪುಗಳಿಗೆ ತೆತ್ತದ್ದು, ಅಂದರೆ ಹಿಂಜಸ್, ರಬ್ಬರ್ ಅಂಟು, ಗಾಜಿನ ಎರಡನೇ ಕತ್ತರಿ, 420. ಒಟ್ಟು 4,305 ರೂಪಾಯಿ. ಓಡಾಟದ ಖರ್ಚು ಬರೆದಿಟ್ಟಿಲ್ಲ.

ಅಕ್ಟೋಬರ್ 12, ಭಾನುವಾರ

ಗೆಜ್ಜೆಯ ಒಂದು ತುಂಡನ್ನು ಉಜ್ಜಿ ಕಪಾಟಿನ ಒಳಗೇ ಪರೀಕ್ಷೆಗೆ ಇಟ್ಟಿದ್ದೆ. ಆರು ವಾರ ಆಯಿತು. ಹೊಸ ಕಾಲುಂಗುರದ ಪಕ್ಕ ಹಿಡಿದು ಬೆಳಕಿನಲ್ಲಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಪಾಲಿಶ್ ಎಲ್ಲೂ ಎದ್ದಿಲ್ಲ. ಎದ್ದಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಕಾರ್ಡ್ ತೆಗೆದು ನೋಡಬೇಕು. ಮಗಳ ಕೈಗೆ ಎಟುಕದ ಎತ್ತರದಲ್ಲೇ ಕಪಾಟು ಇದೆ, ಅಲ್ಲೇ ಇರುತ್ತದೆ.

ಬಳೆಗಳದ್ದು ಇನ್ನೂ ಆಗಿಲ್ಲ. ಅವ್ವನ ಅಳತೆ 2-6, ಅಂದರೆ ಒಳಗಿನ ಅಡ್ಡಳತೆ 2⅜ ಇಂಚು. ಹಳೆಯ ಲಟ್ಟಣಿಗೆ ಒಂದನ್ನು ಕಪಾಟಿನ ಕೆಳಗೆ ಎರಡು ಆಸರೆಯ ಮೇಲೆ ಮಲಗಿಸಿದರೆ ಮೂರು ಡಜನ್ ಬಳೆ ಸಾಲಾಗಿ ಕೂರುತ್ತವೆ. ಲಟ್ಟಣಿಗೆ ಸಿಕ್ಕಿದೆ, 13 ಇಂಚು ಉದ್ದ, ತೇಗ. ಒಂದು ತುದಿ ಎತ್ತಿ ತೆಗೆಯುವ ಹಾಗೆ ಆಸರೆ ಕೊರೆಯಬೇಕು. ಎರಡು ಸಲ ಕೊರೆದು ನೋಡಿದೆ, ಎರಡೂ ಸಲ ಗುಳಿ ಜಾಸ್ತಿ ಆಳವಾಗಿ ಲಟ್ಟಣಿಗೆ ಸಿಕ್ಕಿಹಾಕಿಕೊಂಡಿತು. ಮುಂದಿನ ಭಾನುವಾರ ಅರ್ಧ ಇಂಚು ಆಳಕ್ಕೆ ನಿಲ್ಲಿಸಿ ನೋಡುತ್ತೇನೆ. ಅಲ್ಲಿಯವರೆಗೆ ಬಳೆಗಳು ಸ್ಟೀಲ್ ಡಬ್ಬಿಯಲ್ಲೇ ಇವೆ.